ಆಪರೇಷನ್ ಆದ ಮೇಲೂ ಬಸಿರಾದರೆ

ಕರ್ನಾಟಕದಲ್ಲಿ ಹದಿನೈದರಿಂದ ನಲವತ್ತೊಂಬತ್ತರ ವಯಸ್ಸಿನ ವಿವಾಹಿತ ಹೆಂಗಸರ ಪೈಕಿ ಶೇ. 57ರಷ್ಟು ಮಂದಿ ಕುಟುಂಬ ಯೋಜನೆಯ ಆಪರೇಷನ್ ಮಾಡಿಸಿಕೊಂಡವರು. ಇದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ. ಅದೇ ಕೋಷ್ಟಕದ ಮುಂದಿನ ಸಾಲಿನಲ್ಲಿ ಗಂಡಸರ ಆಪರೇಷನ್ನಿನ ಅಂಕಿ ಇದೆ. ಇಲ್ಲವೆಂದೇ ಹೇಳಬಹುದಾದಷ್ಟು ಕಡಿಮೆ. ಇಡೀ ದೇಶದ ಲೆಕ್ಕ ತೆಗೆದರೆ ಹೆಂಗಸರದು ಶೇ. 37.9, ಗಂಡಸರದು ಶೇ. 0.3. ಗರ್ಭನಿರೋಧದ ಕೆಲಸ ಯಾರ ಮೈಮೇಲೆ ಬಿದ್ದಿದೆ ಎಂಬುದು ಇಷ್ಟರಿಂದಲೇ ಗೊತ್ತಾಗುತ್ತದೆ. ಆದರೆ ಆ ಕೆಲಸ ಕೈಕೊಟ್ಟಾಗ, ಅಂದರೆ ಬೇಡವೆಂದು ಎಚ್ಚರ ವಹಿಸಿದ ಮೇಲೂ ಮುಟ್ಟು ನಿಂತಾಗ, ಹೊಣೆ ಯಾರದು ಎಂಬ ಪ್ರಶ್ನೆ ಸಮೀಕ್ಷೆಯ ಕೋಷ್ಟಕದಲ್ಲಿ ಇರುವುದಿಲ್ಲ. ಮನೆಗಳಲ್ಲಿ ಅದಕ್ಕೆ ಸಿದ್ಧ ಉತ್ತರಗಳಿವೆ: ಇವಳೇ ಮಾತ್ರೆ ಮರೆತಿರಬೇಕು, ಡಾಕ್ಟರು ಸರಿಯಾಗಿ ಮಾಡಿಲ್ಲ, ಇಲ್ಲವೇ ಬಾಯಿಬಿಟ್ಟು ಹೇಳಲಾಗದ ಮೂರನೆಯದೊಂದು ಅನುಮಾನ. ಮೂರೂ ತಪ್ಪಿತಸ್ಥರನ್ನು ಹುಡುಕುವ ಉತ್ತರಗಳೇ. ಯಾರೂ ತಪ್ಪು ಮಾಡದೆಯೂ ಗರ್ಭನಿರೋಧಕ ವಿಫಲವಾಗುತ್ತದೆ, ಎಷ್ಟು ಸಲ ಆಗುತ್ತದೆ ಎಂಬುದು ದಶಕಗಳಿಂದ ಗೊತ್ತಿದೆ. ಹಾಗಿರುವಾಗ ತಪ್ಪು ಯಾರದೆಂಬ ತನಿಖೆಯಿಂದ ಹೊರೆ ಯಾರು ಹೊರಬೇಕೆಂಬುದು ತೀರ್ಮಾನವಾಗಬಾರದು ಎಂಬುದು ಈ ಲೇಖನದ ವಾದ.

ಮೊದಲು ಅಂಕಿಗಳ ಮಾತು. ಗರ್ಭನಿರೋಧಕದ ವೈಫಲ್ಯವನ್ನು ಎಣಿಸಲು ಅಮೆರಿಕದ ಜೀವವಿಜ್ಞಾನಿ ರೇಮಂಡ್ ಪರ್ಲ್ 1930ರ ದಶಕದಲ್ಲಿ ಒಂದು ಸೂಚ್ಯಂಕವನ್ನು ರೂಪಿಸಿದ. ನೂರು ಹೆಂಗಸರು ಒಂದು ವಿಧಾನವನ್ನು ಒಂದು ವರ್ಷ ಬಳಸಿದರೆ ಎಷ್ಟು ಮಂದಿ ಬಸಿರಾಗುತ್ತಾರೆ ಎಂಬ ಸರಳ ಎಣಿಕೆ ಅದು. ಮುಂದೆ ಸಂಶೋಧಕರು ಪ್ರತಿಯೊಂದು ವಿಧಾನಕ್ಕೂ ಎರಡೆರಡು ಅಂಕಿ ಕೊಡತೊಡಗಿದರು: ಒಂದು ದಿನವೂ ತಪ್ಪದೆ, ಸೂಚನೆಯಂತೆಯೇ ಬಳಸಿದಾಗಿನದು ಒಂದು, ಸಾಮಾನ್ಯ ಜನ ಸಾಮಾನ್ಯವಾಗಿ ಬಳಸುವಾಗಿನದು ಇನ್ನೊಂದು. ಅಮೆರಿಕದ ಅಧ್ಯಯನಗಳ ಪ್ರಕಾರ ಗರ್ಭನಿರೋಧಕ ಮಾತ್ರೆಗೆ ಮೊದಲನೆಯದು ಸಾವಿರಕ್ಕೆ ಮೂರು, ಎರಡನೆಯದು ನೂರಕ್ಕೆ ಏಳು. ಕಾಂಡೋಮ್‌ಗೆ ನೂರಕ್ಕೆ ಎರಡು ಮತ್ತು ಹದಿಮೂರು. ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದಿಗೆ ಸಾವಿರಕ್ಕೆ ಎರಡು ಮತ್ತು ನೂರಕ್ಕೆ ನಾಲ್ಕು. ನಮ್ಮಲ್ಲಿ ವಂಕಿ ಎಂದು ಕರೆಯುವ ಕಾಪರ್-ಟಿಯಲ್ಲಿ ಮಾತ್ರ ಎರಡು ಅಂಕಿಗಳ ನಡುವೆ ಹೆಚ್ಚು ಅಂತರವಿಲ್ಲ, ಎರಡೂ ನೂರಕ್ಕೆ ಒಂದಕ್ಕಿಂತ ಕಡಿಮೆ. ಒಮ್ಮೆ ಹಾಕಿಸಿಕೊಂಡ ಮೇಲೆ ದಿನವೂ ನೆನಪಿಡಬೇಕಾದ್ದು ಏನೂ ಇಲ್ಲದ್ದರಿಂದ ಹಾಗೆ. ಪೊಟ್ಟಣದ ಮೇಲೆ ಅಚ್ಚಾಗುವುದು ಮೊದಲ ಅಂಕಿ, ಬದುಕಿನಲ್ಲಿ ನಡೆಯುವುದು ಎರಡನೆಯದು. ಜೊತೆಗೆ ಇವೆಲ್ಲ ಒಂದು ವರ್ಷದ ಲೆಕ್ಕ. ದಾಂಪತ್ಯ ಒಂದು ವರ್ಷದ್ದಲ್ಲ. ವರ್ಷಕ್ಕೆ ಶೇ. 7ರ ಅಪಾಯವನ್ನು ಹತ್ತು ವರ್ಷ ಹಾಗೆಯೇ ಗುಣಿಸುತ್ತ ಹೋದರೆ ಅರ್ಧಕ್ಕಿಂತ ಹೆಚ್ಚು ಹೆಂಗಸರು ಒಮ್ಮೆಯಾದರೂ ಬಸಿರಾಗಿರುತ್ತಾರೆ. ವಾಸ್ತವದಲ್ಲಿ ಅಷ್ಟಾಗುವುದಿಲ್ಲ: ವಯಸ್ಸಾದಂತೆ ಗರ್ಭ ನಿಲ್ಲುವ ಸಂಭವ ಇಳಿಯುತ್ತದೆ, ಬಳಸುತ್ತ ಬಳಸುತ್ತ ಅಭ್ಯಾಸವೂ ಆಗುತ್ತದೆ. ಆದರೂ ವರ್ಷಗಟ್ಟಲೆ ಮಾತ್ರೆಯನ್ನೋ ಕಾಂಡೋಮನ್ನೋ ನಂಬಿದ ದಂಪತಿಗೆ ಒಂದು ಬಯಸದ ಬಸಿರು ಎದುರಾಗುವುದು ಅಪರೂಪದ ಅಪಘಾತವಲ್ಲ ಎಂದು ತಿಳಿಯಲು ಈ ಒರಟು ಲೆಕ್ಕ ಸಾಕು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಎರಡು ಅಂಕಿಗಳ ನಡುವಿನ ಅಂತರವೆಲ್ಲ ಬಳಸಿದವರ ಅಜಾಗರೂಕತೆಯೇ ಅಲ್ಲವೆ, ಸರಿಯಾಗಿ ನುಂಗಿದ್ದರೆ ಸಾವಿರಕ್ಕೆ ಮೂರೇ ಆಗುತ್ತಿತ್ತಲ್ಲ? ಕೇಳಲು ನ್ಯಾಯವಾಗಿಯೇ ಇದೆ. ಆದರೆ ಆ ಅಂತರದೊಳಗೆ ಏನೇನಿದೆ ನೋಡಿ. ಉಪಕೇಂದ್ರದಲ್ಲಿ ಸರ್ಕಾರಿ ಮಾತ್ರೆ ಮಾಲಾ-ಎನ್ ಮುಗಿದು ಹೊಸ ಸರಬರಾಜು ಬಾರದ ವಾರಗಳಿವೆ. ಅಂತರಾ ಎಂಬ ಆ ಮೂರು ತಿಂಗಳ ಚುಚ್ಚುಮದ್ದಿನ ದಿನವೇ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಲಾಗದ ಸುಗ್ಗಿ ಇದೆ. ವಾಂತಿಭೇದಿಯಾದರೆ ನುಂಗಿದ ಮಾತ್ರೆ ಕೆಲಸ ಮಾಡದೆ ಹೋಗಬಹುದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಗರ್ಭನಿರೋಧಕ ಮಾತ್ರೆಯ ಬಲ ಕುಂದಿಸುತ್ತದೆ. ಕ್ಷಯ ಇಷ್ಟೊಂದಿರುವ ದೇಶದಲ್ಲಿ ಇದು ಸಣ್ಣ ವಿಷಯವಲ್ಲ. ಅತ್ತೆಯ ಕಣ್ಣಿಗೆ ಬೀಳದಂತೆ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟ ಪೊಟ್ಟಣವೂ ಈ ಅಂತರದೊಳಗೇ ಇದೆ. ಇನ್ನು ಕಾಂಡೋಮ್. ಅದರ ನೂರಕ್ಕೆ ಹದಿಮೂರರಲ್ಲಿ ರಬ್ಬರು ಹರಿದದ್ದಕ್ಕಿಂತ, ಇವತ್ತೊಂದು ದಿನ ಬೇಡ ಬಿಡು ಎಂದು ಬಿಟ್ಟದ್ದು, ತಡವಾಗಿ ಹಾಕಿಕೊಂಡದ್ದು ಹೆಚ್ಚು. ಆ ಮಾತು ಹೇಳುವವನು ಸಾಮಾನ್ಯವಾಗಿ ಗಂಡಸು, ಬಸಿರಾಗುವವಳು ಹೆಂಗಸು. ಗರ್ಭನಿರೋಧ ಹೆಂಗಸರ ವ್ಯವಹಾರ, ಗಂಡಸರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಎಂಬ ಹೇಳಿಕೆಗೆ ಅದೇ 2019–21ರ ಸಮೀಕ್ಷೆಯಲ್ಲಿ ದೇಶದ ಶೇ. 35ರಷ್ಟು ಗಂಡಸರು ಹೌದೆಂದಿದ್ದಾರೆ. ಸಾಮಾನ್ಯ ಬಳಕೆಯ ವೈಫಲ್ಯ ಎಂದು ಅಂಕಿಶಾಸ್ತ್ರ ಕರೆಯುವುದು ಇಬ್ಬರ ಬದುಕನ್ನೂ ಅವರಿರುವ ಊರಿನ ಆರೋಗ್ಯ ವ್ಯವಸ್ಥೆಯನ್ನೂ ಸೇರಿಸಿ ತೆಗೆದ ಸರಾಸರಿ. ಅದನ್ನು ಒಬ್ಬಳ ಮರೆವಿನ ಅಂಕಪಟ್ಟಿಯಂತೆ ಓದುವುದು ಅಂಕಿಗಳನ್ನೇ ತಪ್ಪಾಗಿ ಓದಿದಂತೆ.

ಮರೆವಿಗೆ ಎಡೆಯೇ ಇಲ್ಲದ ವಿಧಾನಕ್ಕೆ ಬಂದರೆ ವಾದ ಇನ್ನೂ ಗಟ್ಟಿಯಾಗುತ್ತದೆ. ಟ್ಯುಬೆಕ್ಟಮಿ, ಅಂದರೆ ಹೆಂಗಸರ ಆಪರೇಷನ್, ಆದ ಮೊದಲ ವರ್ಷದಲ್ಲಿ ವಿಫಲವಾಗುವ ಪ್ರಮಾಣ ಸಾವಿರಕ್ಕೆ ಐದು ಎಂದು ಹೇಳುವುದು ವಾಡಿಕೆ. ಲಕ್ಷ ಆಪರೇಷನ್‌ಗಳಿಗೆ ಐನೂರು ಎಂದ ಹಾಗಾಯಿತು. ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿ 1996ರಲ್ಲಿ ಪ್ರಕಟವಾದ ಕ್ರೆಸ್ಟ್ ಅಧ್ಯಯನ ಈ ವಿಷಯದಲ್ಲಿ ಹಲವರ ಕಣ್ಣು ತೆರೆಸಿತು. ಹತ್ತು ವರ್ಷಗಳಲ್ಲಿ ಸಾವಿರಕ್ಕೆ 18.5 ಬಸಿರು, ಅಂದರೆ ಅಪಾಯ ಮೊದಲ ವರ್ಷಕ್ಕೇ ಮುಗಿಯುವುದಿಲ್ಲ, ಸಣ್ಣಗೆ ಮುಂದುವರಿಯುತ್ತದೆ. ಹೆರಿಗೆಯಾದ ಕೂಡಲೇ ಅಂಡನಾಳದ ತುಂಡನ್ನು ಕತ್ತರಿಸಿ ತೆಗೆಯುವ ವಿಧಾನದಲ್ಲಿ ಇದು ಬಹಳ ಕಡಿಮೆ, ಕ್ಲಿಪ್ ಹಾಕುವ ವಿಧಾನದಲ್ಲಿ ಹೆಚ್ಚು. ಚಿಕ್ಕ ವಯಸ್ಸಿನಲ್ಲಿ ಮಾಡಿಸಿಕೊಂಡವರಲ್ಲಿ ಅಪಾಯ ಹೆಚ್ಚು ಎಂಬುದು ನಮಗೆ ಮುಖ್ಯವಾಗಬೇಕಾದ ಸಂಗತಿ. ದಕ್ಷಿಣ ಭಾರತದಲ್ಲಿ ಎರಡನೆಯ ಹೆರಿಗೆಯ ಬೆನ್ನಿಗೇ, ಇಪ್ಪತ್ತರ ಹರೆಯದಲ್ಲೇ ಆಪರೇಷನ್ ಮಾಡಿಸುವುದು ರೂಢಿ. ಅಲ್ಲಿಂದ ಮುಂದೆ ಗರ್ಭ ನಿಲ್ಲಬಹುದಾದ ಎರಡು ದಶಕಗಳು ಉಳಿದಿರುತ್ತವೆ. ಇನ್ನೊಂದು ಮಾತನ್ನು ಆಪ್ತಸಲಹೆಯಲ್ಲಿ ಅಪರೂಪಕ್ಕೆ ಹೇಳುತ್ತಾರೆ: ಹಾಗೆ ವಿಫಲವಾದ ಬಸಿರುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗರ್ಭಕೋಶದಲ್ಲಿ ಅಲ್ಲ, ನಾಳದಲ್ಲೇ ನಿಂತವು ಎಂದು ಅದೇ ಅಧ್ಯಯನ ತೋರಿಸಿತು. ನಾಳ ಒಡೆದರೆ ಪ್ರಾಣಕ್ಕೇ ಕುತ್ತು. ಆಪರೇಷನ್ ಆಗಿದೆ, ಬಸಿರು ಹೇಗಾದೀತು ಎಂದು ಹೊಟ್ಟೆನೋವನ್ನು ತಡೆದುಕೊಂಡು ಕೂರುವ ಹೆಂಗಸಿಗೆ ಅದಕ್ಕಿಂತ ಅಪಾಯಕಾರಿ ನಂಬಿಕೆ ಬೇರೊಂದಿಲ್ಲ.

ಈ ಪ್ರಶ್ನೆ ನಮ್ಮ ನ್ಯಾಯಾಲಯಗಳಿಗೂ ಹೋಗಿದೆ. ಗುರುಗ್ರಾಮದ ಸರ್ಕಾರಿ ಆಸ್ಪತ್ರೆಯಲ್ಲಿ 1988ರಲ್ಲಿ ಏಳು ಮಕ್ಕಳ ತಾಯಿಯಾದ ಒಬ್ಬ ಕೂಲಿ ಹೆಂಗಸಿಗೆ ಆಪರೇಷನ್ ಆಯಿತು. ಮತ್ತೆ ಬಸಿರಾದಾಗ ಗೊತ್ತಾದದ್ದು, ವೈದ್ಯರು ಬಲಗಡೆಯ ನಾಳವನ್ನಷ್ಟೇ ಕಟ್ಟಿದ್ದರು, ಎಡಗಡೆಯದನ್ನು ಮುಟ್ಟಿಯೇ ಇರಲಿಲ್ಲ. ಇದು ನಿರ್ಲಕ್ಷ್ಯ ಎನ್ನಲು ವಿಜ್ಞಾನ ಓದಬೇಕಿಲ್ಲ. 2000ದಲ್ಲಿ ಸರ್ವೋಚ್ಚ ನ್ಯಾಯಾಲಯ, ಮಗುವಿನ ಪಾಲನೆಗೆಂದು ಕೆಳಗಿನ ಕೋರ್ಟುಗಳು ಹರಿಯಾಣ ಸರ್ಕಾರದ ಮೇಲೆ ಹೊರಿಸಿದ್ದ 54,000 ರೂಪಾಯಿಯ ಪರಿಹಾರವನ್ನು ಎತ್ತಿಹಿಡಿಯಿತು. ಐದು ವರ್ಷಗಳ ನಂತರ ಪಂಜಾಬಿನ ಪ್ರಕರಣವೊಂದರಲ್ಲಿ, ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರಿದ್ದ ಮೂವರ ಪೀಠ ಗೆರೆಯನ್ನು ಬೇರೆ ಕಡೆ ಎಳೆಯಿತು. ಸಂತಾನಹರಣದ ಯಾವ ವಿಧಾನವೂ ನೂರಕ್ಕೆ ನೂರು ಖಚಿತವಲ್ಲ. ಆದ್ದರಿಂದ ಮಗು ಹುಟ್ಟಿತು ಎಂಬ ಒಂದೇ ಕಾರಣಕ್ಕೆ ವೈದ್ಯರನ್ನಾಗಲಿ ಸರ್ಕಾರವನ್ನಾಗಲಿ ಹೊಣೆ ಮಾಡಲಾಗದು, ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕು ಎಂದಿತು. ಅಷ್ಟರಮಟ್ಟಿಗೆ ತೀರ್ಪು ಸರಿಯಾಗಿಯೇ ಇದೆ. ಚೆನ್ನಾಗಿ ಕೆಲಸ ಮಾಡಿದ ಶಸ್ತ್ರವೈದ್ಯೆಯನ್ನು ದೇಹ ತಾನಾಗಿ ನಾಳವನ್ನು ಮತ್ತೆ ಕೂಡಿಸಿಕೊಂಡದ್ದಕ್ಕೆ ದಂಡಿಸಿದರೆ ನಾಳೆ ಆಪರೇಷನ್ ಮಾಡಲು ಯಾರೂ ಮುಂದೆ ಬರುವುದಿಲ್ಲ. ನನ್ನ ತಕರಾರು ಅದರ ಮುಂದಿನ ಹೆಜ್ಜೆಯ ಬಗ್ಗೆ. ಮುಟ್ಟು ತಪ್ಪಿದ್ದು ತಿಳಿದ ಮೇಲೂ ಹೆಂಗಸು ಗರ್ಭಪಾತಕ್ಕೆ ಹೋಗದೆ ಮಗುವನ್ನು ಉಳಿಸಿಕೊಂಡರೆ ಅದು ಬಯಸದ ಮಗುವಾಗಿ ಉಳಿಯುವುದಿಲ್ಲ, ಪಾಲನೆಯ ವೆಚ್ಚವನ್ನು ಕೇಳಲಾಗದು ಎಂದು ಪೀಠ ಹೇಳಿತು. ಕಾಗದದ ಮೇಲೆ ಇದು ತರ್ಕಬದ್ಧ. ಆದರೆ ಆಪರೇಷನ್ ಆಗಿದೆ ಎಂದು ನಂಬಿದವಳು, ರಕ್ತಹೀನತೆಯಿಂದ ಮುಟ್ಟು ಮೊದಲೇ ಏರುಪೇರಾಗಿರುವವಳು, ಇದು ಬಸಿರೆಂದು ಅರಿಯುವುದೇ ಎಷ್ಟನೆಯ ತಿಂಗಳಿಗೆ? ಅರಿತ ಮೇಲೆ ಸುರಕ್ಷಿತ ಗರ್ಭಪಾತ ಮಾಡುವ ವೈದ್ಯರು ಎಷ್ಟು ಮೈಲಿ ದೂರದಲ್ಲಿದ್ದಾರೆ? ಮೇಲೆ ಹೇಳಿದ ಗುರುಗ್ರಾಮದ ಹೆಂಗಸಿಗೆ, ಈಗ ಗರ್ಭ ತೆಗೆಸಿದರೆ ಜೀವಕ್ಕೆ ಅಪಾಯವೆಂದು ಆಸ್ಪತ್ರೆಯವರೇ ಹೇಳಿ ಕಳಿಸಿದ್ದರು. ಯಾರದೂ ತಪ್ಪಿಲ್ಲ ಎಂದು ಶುರುವಾದ ತರ್ಕ, ಕೊನೆಗೆ ಹೊರೆಯನ್ನೆಲ್ಲ ಹೊಟ್ಟೆಯಲ್ಲಿ ಹೊತ್ತವಳ ಮೇಲೆಯೇ ಇಳಿಸಿ ಹೋಗುತ್ತದೆ.

ಹಾಗಾದರೆ ವೈದ್ಯರೂ ಅಲ್ಲ, ಹೆಂಗಸೂ ಅಲ್ಲ ಎಂದಾದರೆ ಮತ್ಯಾರು? ಆಪರೇಷನ್ನನ್ನು ತನ್ನ ನೀತಿಯಾಗಿ ಮಾಡಿಕೊಂಡ ಸರ್ಕಾರ ಒಂದು ಪಾಲು ಹೊರಬೇಕು. ಇದು ದಯೆಯ ಮಾತಲ್ಲ. ಲಕ್ಷಕ್ಕೆ ಐನೂರು ವಿಫಲವಾಗುತ್ತವೆ ಎಂದು ಗೊತ್ತಿದ್ದೇ ಲಕ್ಷಗಟ್ಟಲೆ ಆಪರೇಷನ್ ಮಾಡಿಸುವವರು ಆ ಐನೂರು ಮನೆಗಳ ಖರ್ಚನ್ನು ಮೊದಲೇ ಎತ್ತಿಡಬೇಕು. ಜನಸಂಖ್ಯೆ ಇಳಿದ ಲಾಭ ಎಲ್ಲರದು, ನಷ್ಟ ಮಾತ್ರ ಐನೂರು ಮಂದಿಯದು ಎನ್ನುವುದು ಸಲ್ಲದು. ತತ್ವದಲ್ಲಿ ಇದನ್ನು ಸರ್ಕಾರ ಒಪ್ಪಿಯೂ ಇದೆ. ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದ ಮೇರೆಗೆ 2005ರಲ್ಲಿ ಆರಂಭವಾದ ವಿಮೆ ಮುಂದೆ ಕುಟುಂಬ ಯೋಜನೆ ನಷ್ಟಭರ್ತಿ ಯೋಜನೆಯಾಯಿತು. ಆಪರೇಷನ್ ವಿಫಲವಾದರೆ ನಿರ್ಲಕ್ಷ್ಯ ಸಾಬೀತುಪಡಿಸದೆಯೇ ಹಣ ಸಿಗುತ್ತದೆ. ಮೊತ್ತ ಬಹುಕಾಲ 30,000 ರೂಪಾಯಿ ಇತ್ತು. ಒಂದು ಮಗುವನ್ನು ಹೆತ್ತು, ಸಾಕಿ, ಶಾಲೆಗೆ ಕಳಿಸುವ ಖರ್ಚಿನ ಮುಂದೆ ಅದು ಏನೆಂದು ಯಾವ ಮನೆಯವರನ್ನು ಕೇಳಿದರೂ ಹೇಳುತ್ತಾರೆ. ವಿಫಲವಾದರೆ ಹಣ ಸಿಗುತ್ತದೆಂದು ಜನ ಬೇಕೆಂದೇ ಬಸಿರಾಗುತ್ತಾರೆ ಎಂಬ ಆಡಳಿತಗಾರರ ಅಳುಕಿಗೆ ಉತ್ತರ ಹೇಳುವ ಅಗತ್ಯವೂ ಇಲ್ಲ. ಕತ್ತರಿಸಿದ ನಾಳವನ್ನು ಈ ಹಣಕ್ಕಾಗಿ ಯಾರೂ ಬೇಕೆಂದು ಕೂಡಿಸಿಕೊಳ್ಳಲಾರರು. ಇನ್ನು ಸರ್ಕಾರದ ಹೊಣೆ ಹಣಕ್ಕೆ ಮುಗಿಯುವುದಿಲ್ಲ ಎಂಬುದಕ್ಕೆ 2014ರ ನವೆಂಬರಿನ ಬಿಲಾಸ್‌ಪುರ ಸಾಕ್ಷಿ. ಛತ್ತೀಸ್‌ಗಢದ ಆ ಜಿಲ್ಲೆಯ ಒಂದೇ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ ಎಂಬತ್ತಕ್ಕೂ ಹೆಚ್ಚು ಹೆಂಗಸರಿಗೆ ಆಪರೇಷನ್ ಮಾಡಿದರು, ಹದಿಮೂರು ಮಂದಿ ತೀರಿಕೊಂಡರು. ಇಂಥ ಶಿಬಿರಗಳನ್ನು ಮೂರು ವರ್ಷಗಳಲ್ಲಿ ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಹೇಳಬೇಕಾಯಿತು.

ಇಲ್ಲಿಗೆ ಹೇಗೆ ಬಂದು ಮುಟ್ಟಿದೆವು ಎಂಬುದನ್ನು ಸ್ವಲ್ಪ ಹಿಂದೆ ಹೋಗಿ ನೋಡಬೇಕು, ಏಕೆಂದರೆ ಇದು ಮೊದಲಿನಿಂದಲೂ ಹೆಂಗಸರ ಆಪರೇಷನ್ನಿನ ದೇಶವಾಗಿರಲಿಲ್ಲ. ಮೈಸೂರು ಸರ್ಕಾರ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಿತು; ಜಗತ್ತಿನಲ್ಲಿ ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಅದೇ ಮೊದಲು ಎನ್ನುತ್ತಾರೆ. ಸ್ವತಂತ್ರ ಭಾರತ 1952ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು, 1968ರಲ್ಲಿ ಕಿರಾಣಿ ಅಂಗಡಿಗೂ ನಿರೋಧ್ ಕಾಂಡೋಮ್ ಬಂತು. ಆ ಕಾಲದಲ್ಲಿ ಆಪರೇಷನ್ ಎಂದರೆ ಬಹುಮಟ್ಟಿಗೆ ಗಂಡಸರದೇ. 1971ರ ಜುಲೈಯಲ್ಲಿ ಕೇರಳದ ಎರ್ನಾಕುಲಂನ ಒಂದೇ ಶಿಬಿರದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಗಂಡಸರು ವ್ಯಾಸೆಕ್ಟಮಿ ಮಾಡಿಸಿಕೊಂಡರು. ತುರ್ತು ಪರಿಸ್ಥಿತಿಯ 1976–77ರಲ್ಲಿ ದೇಶದಾದ್ಯಂತ ನಡೆದ ಎಂಬತ್ತು ಲಕ್ಷಕ್ಕೂ ಮೀರಿದ ಸಂತಾನಹರಣಗಳಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ಗಂಡಸರದು, ಅದರಲ್ಲಿ ಬಲವಂತದವು ಎಷ್ಟೋ. ಚುನಾವಣೆಯಲ್ಲಿ ಅದರ ಬೆಲೆ ತೆತ್ತ ರಾಜಕಾರಣಿಗಳು ಮತ್ತೆ ಗಂಡಸರ ತಂಟೆಗೆ ಹೋಗಲಿಲ್ಲ. ಕಾರ್ಯಕ್ರಮ ಸದ್ದಿಲ್ಲದೆ ಹೆರಿಗೆ ವಾರ್ಡಿಗೆ ಸ್ಥಳಾಂತರವಾಯಿತು. ಅಲ್ಲಿ ಮಲಗಿದ್ದವಳು ಬೇಡವೆಂದು ಮೆರವಣಿಗೆ ಹೊರಡುವವಳಲ್ಲ. ಗಂಡಸರ ಆಪರೇಷನ್ ಹೆಂಗಸರದಕ್ಕಿಂತ ಸರಳ, ಹೊಟ್ಟೆ ತೆರೆಯಬೇಕಿಲ್ಲ, ವಿಫಲವಾಗುವುದೂ ಕಡಿಮೆ. ಹೊಲಿಗೆಯೇ ಇಲ್ಲದ ವಿಧಾನವನ್ನು ಚೀನಾದ ಲಿ ಶುನ್‌ಚಿಯಾಂಗ್ 1970ರ ದಶಕದಲ್ಲೇ ಕಂಡುಹಿಡಿದರು. ಶಕ್ತಿ ಕುಂದುತ್ತದೆ, ದುಡಿಯಲು ಆಗುವುದಿಲ್ಲ ಎಂಬ ಭಯಕ್ಕೆ ವೈದ್ಯಕೀಯ ಆಧಾರವಿಲ್ಲ. ಆದ್ದರಿಂದ ಹೆಂಗಸರೇ ತಮ್ಮ ಆಪರೇಷನ್ನನ್ನು ಆರಿಸಿಕೊಳ್ಳುತ್ತಿದ್ದಾರೆ ಎಂದು ಯಾರಾದರೂ ಹೇಳಿದರೆ, ಆಯ್ಕೆಗೆಂದು ಮುಂದಿಟ್ಟ ತಟ್ಟೆಯಲ್ಲಿ ಏನಿತ್ತು ಎಂದು ಕೇಳಬೇಕಾಗುತ್ತದೆ.

ಗರ್ಭನಿರೋಧಕ ವಿಫಲವಾಗುತ್ತದೆ ಎಂಬುದನ್ನು ನಮ್ಮ ಕಾನೂನು ಬಹಳ ಮೊದಲೇ ಒಪ್ಪಿಕೊಂಡಿತ್ತು ಎಂಬುದನ್ನು ಮರೆಯಬಾರದು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, ಮಕ್ಕಳ ಸಂಖ್ಯೆ ಮಿತಿಗೊಳಿಸಲು ಹೆಂಡತಿಯೋ ಗಂಡನೋ ಬಳಸಿದ ಸಾಧನ ವಿಫಲವಾಗಿ ಬಸಿರಾದರೆ ಆ ಸಂಕಟವನ್ನು ಹೆಂಗಸಿನ ಮಾನಸಿಕ ಆರೋಗ್ಯಕ್ಕಾದ ತೀವ್ರ ಹಾನಿಯೆಂದೇ ಭಾವಿಸಬಹುದು ಎಂದು ಬರೆಯಿತು. ಯಾರು ಎಡವಿದರು ಎಂದು ಅದು ಕೇಳಲಿಲ್ಲ. ಆಗ ವಿವಾಹಿತೆಯರಿಗಷ್ಟೇ ಇದ್ದ ಈ ಅವಕಾಶವನ್ನು 2021ರ ತಿದ್ದುಪಡಿ ಯಾವುದೇ ಮಹಿಳೆ ಅಥವಾ ಆಕೆಯ ಸಂಗಾತಿ ಎಂದು ವಿಸ್ತರಿಸಿತು. ಇಪ್ಪತ್ತರಿಂದ ಇಪ್ಪತ್ತನಾಲ್ಕು ವಾರದವರೆಗಿನ ಅವಕಾಶ ಅವಿವಾಹಿತೆಯರಿಗೂ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಸೆಪ್ಟೆಂಬರಿನಲ್ಲಿ ಹೇಳಿತು. ಇಷ್ಟು ಸುಲಭ ಮಾಡಿದರೆ ಜನ ಗರ್ಭನಿರೋಧಕವನ್ನೇ ಬಿಟ್ಟುಬಿಡುತ್ತಾರೆ ಎಂಬುದು ಹಳೆಯ ಆಕ್ಷೇಪ. 2015ರ ಭಾರತದ ಬಗ್ಗೆ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಪ್ರಕಟವಾದ ಅಂದಾಜನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು: ಆ ವರ್ಷ ದೇಶದಲ್ಲಿ ಸುಮಾರು 4.8 ಕೋಟಿ ಗರ್ಭಧಾರಣೆಗಳು, ಅದರಲ್ಲಿ ಅರ್ಧದಷ್ಟು ಬಯಸದವು, ಸುಮಾರು 1.56 ಕೋಟಿ ಗರ್ಭಪಾತಗಳು. ಅವುಗಳಲ್ಲಿ ಶೇ. 73ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಗಳಿಂದ ಆದವು. ಔಷಧ ಅಂಗಡಿಯ ಕಟ್ಟೆಯ ಮೇಲೆ, ಎಷ್ಟು ವಾರವಾಗಿದೆ ಎಂದು ಸರಿಯಾಗಿ ಕೇಳುವವರೂ ಇಲ್ಲದೆ ಮಾತ್ರೆ ಕೊಳ್ಳುವುದನ್ನು ಸುಲಭ ಎಂದು ಕರೆಯಲು ನನಗೆ ಮನಸ್ಸು ಬಾರದು. ರಕ್ತಸ್ರಾವ, ನೋವು, ಗುಟ್ಟು, ಖರ್ಚು ಇವನ್ನೆಲ್ಲ ದಿನಕ್ಕೊಂದು ಮಾತ್ರೆಗೆ ಬದಲಾಗಿ ಇಷ್ಟಪಟ್ಟು ಆರಿಸಿಕೊಳ್ಳುವವರು ಇದ್ದಾರೆಂದು ನಂಬುವುದು ಕಷ್ಟ.

ಉಳಿದದ್ದು ಗಂಡಸಿನ ಹೊಣೆ, ಇಲ್ಲಿ ಆಕ್ಷೇಪಗಳು ಎರಡು ದಿಕ್ಕಿನಿಂದ ಬರುತ್ತವೆ. ಹೊಣೆ ಅರ್ಧ ಎಂದ ಮೇಲೆ ಗರ್ಭ ಉಳಿಸಬೇಕೋ ಬೇಡವೋ ಎಂಬ ನಿರ್ಧಾರದಲ್ಲೂ ಅರ್ಧ ಕೊಡಿ ಎಂಬುದು ಒಂದು. ಕಾಯ್ದೆ ಕೇಳುವುದು ಹೆಂಗಸಿನ ಒಪ್ಪಿಗೆಯನ್ನು ಮಾತ್ರ. ತನ್ನನ್ನು ಕೇಳದೆ ಗರ್ಭ ತೆಗೆಸಿದಳೆಂದು ಹೆಂಡತಿಯಿಂದಲೂ ವೈದ್ಯರಿಂದಲೂ ಪರಿಹಾರ ಕೇಳಿದ ಗಂಡನೊಬ್ಬನ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತಳ್ಳಿಹಾಕಿತು. ಇದು ಸರಿ. ಖರ್ಚನ್ನು, ಆಸ್ಪತ್ರೆಗೆ ಅಲೆಯುವುದನ್ನು, ಮಗು ಹುಟ್ಟಿದರೆ ಸಾಕುವುದನ್ನು ಇಬ್ಬರಲ್ಲಿ ಹಂಚಬಹುದು. ಒಂಬತ್ತು ತಿಂಗಳನ್ನು ಹಂಚಲಾಗದು. ಹಂಚಲಾಗದ್ದನ್ನು ಹೊರುವವಳಿಗೇ ಅದರ ನಿರ್ಧಾರ ಇರಬೇಕು. ಇನ್ನೊಂದು ಆಕ್ಷೇಪ: ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಅವಳೇ ಹೇಳಿದ್ದಳು, ನಂಬಿದವನು ಯಾಕೆ ಹೊಣೆಯಾಗಬೇಕು? ಮೊದಲು ನೋಡಿದ ಅಂಕಿಗಳೇ ಇದಕ್ಕೆ ಉತ್ತರ. ಅವಳು ನಿಜವನ್ನೇ ಹೇಳಿದ್ದರೂ ವರ್ಷಕ್ಕೆ ನೂರರಲ್ಲಿ ಏಳರ ಸಂಭವ ಇತ್ತು. ಕಾಂಡೋಮ್ ಬಳಸಿ ಅದನ್ನು ಇನ್ನಷ್ಟು ತಗ್ಗಿಸುವ ಉಪಾಯ ಅವನ ಜೇಬಿನಲ್ಲೇ ಇತ್ತು. ಒಂದು ವೇಳೆ ಅವಳು ಸುಳ್ಳನ್ನೇ ಹೇಳಿದ್ದಳೆಂದು ಇಟ್ಟುಕೊಂಡರೂ ಆ ಜಗಳ ಅವರಿಬ್ಬರದು, ಹುಟ್ಟಿದ ಮಗುವಿನದಲ್ಲ. ಹಿಂದಿನ ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಂತೆಯೇ ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು, ಮದುವೆಯೊಳಗೆ ಹುಟ್ಟಿರಲಿ ಹೊರಗೆ ಹುಟ್ಟಿರಲಿ ಮಗುವಿನ ಜೀವನಾಂಶವನ್ನು ತಂದೆಯ ಮೇಲೆ ಇಡುತ್ತದೆ. ಅದು ಅವನಿಗೆ ವಿಧಿಸಿದ ಶಿಕ್ಷೆಯಲ್ಲ, ಮಗುವಿಗೆ ಸಲ್ಲಬೇಕಾದ್ದು.

ಅಪರೂಪಕ್ಕೆ ಗಂಡಸೇ ಆಪರೇಷನ್ ಮಾಡಿಸಿಕೊಂಡ ಮನೆಯಲ್ಲಿ ವೈಫಲ್ಯದ ಬೆಲೆ ಇನ್ನೂ ವಿಚಿತ್ರವಾಗಿ ಹೆಂಗಸಿನ ಮೇಲೆಯೇ ಬೀಳುತ್ತದೆ. ವ್ಯಾಸೆಕ್ಟಮಿ ಆದ ಮರುದಿನದಿಂದಲೇ ಫಲ ಕೊಡುವುದಿಲ್ಲ. ನಾಳದಲ್ಲಿ ಉಳಿದ ವೀರ್ಯಾಣುಗಳು ಹೋಗಲು ಸುಮಾರು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಬೇರೆ ವಿಧಾನ ಬಳಸಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ವೀರ್ಯಾಣು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಎಷ್ಟೋ ಮಂದಿ ಆ ಪರೀಕ್ಷೆಗೆ ಹಿಂದಿರುಗುವುದಿಲ್ಲ. ಪರೀಕ್ಷೆಯಲ್ಲಿ ಪಾಸಾದ ಮೇಲೂ ವರ್ಷಗಳ ನಂತರ ನಾಳ ಕೂಡಿಕೊಳ್ಳುವ ಸಣ್ಣ ಸಂಭವ, ಸುಮಾರು ಎರಡು ಸಾವಿರಕ್ಕೊಂದು, ಉಳಿದೇ ಇರುತ್ತದೆ. ಇದನ್ನು ತಿಳಿಸದೆ ಕಳಿಸಿದ ಗಂಡನ ಹೆಂಡತಿ ಬಸಿರಾದರೆ ಮನೆಯಲ್ಲಿ ಯಾರೂ ಪರೀಕ್ಷೆಯ ಚೀಟಿ ಹುಡುಕುವುದಿಲ್ಲ, ಅವಳ ನಡತೆಯನ್ನು ಹುಡುಕುತ್ತಾರೆ. ಲೇಖನದ ಆರಂಭದಲ್ಲಿ ಹೇಳಿದ ಮೂರನೆಯ ಅನುಮಾನ ಇದೇ. ಗಂಡಸರಿಗೆಂದು ಹೊಸ ವಿಧಾನಗಳ ಪ್ರಯತ್ನ ನಡೆಯುತ್ತಲೇ ಇದೆ: ಐಐಟಿ ಖರಗ್‌ಪುರದ ಸುಜಯ್ ಗುಹಾ ದಶಕಗಳ ಕಾಲ ರೂಪಿಸಿದ ರಿಸಗ್ ಚುಚ್ಚುಮದ್ದಿನ 303 ಗಂಡಸರ ಮೇಲಿನ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು, ಗರ್ಭ ತಡೆಯುವಲ್ಲಿ ಅದು ಶೇ. 99ರಷ್ಟು ಯಶಸ್ವಿ. (ಗಂಡಸರ ಹಾರ್ಮೋನ್ ಚುಚ್ಚುಮದ್ದಿನ ಒಂದು ಅಂತರರಾಷ್ಟ್ರೀಯ ಪ್ರಯೋಗವನ್ನು ಮನಸ್ಸಿನ ಏರುಪೇರು ಮೊದಲಾದ ಅಡ್ಡಪರಿಣಾಮಗಳ ಕಾರಣಕ್ಕೆ 2011ರಲ್ಲಿ ನಡುವೆಯೇ ನಿಲ್ಲಿಸಿದರು, ಅಂಥ ಅಡ್ಡಪರಿಣಾಮಗಳನ್ನು ಹೆಂಗಸರು ಅರವತ್ತರ ದಶಕದಿಂದ ನುಂಗುತ್ತಲೇ ಬಂದಿದ್ದಾರೆ.) ಆದರೆ ರಿಸಗ್ ಅಂಗಡಿಗೆ ಬಂದರೂ ಆ ನೂರರಲ್ಲಿ ಒಂದು ಇದ್ದೇ ಇರುತ್ತದೆ.

ಆದ್ದರಿಂದ ಹೊಸ ಸಾಧನ ಬರಲೆಂದು ಕಾಯುವುದಕ್ಕಿಂತ, ಈಗಿರುವ ಒಪ್ಪಿಗೆ ಪತ್ರವನ್ನು ನಿಜವಾಗಿ ಓದಿ ಹೇಳುವುದು ಹೆಚ್ಚು ಫಲ ಕೊಟ್ಟೀತು. ಸಂತಾನಹರಣದ ಸರ್ಕಾರಿ ಒಪ್ಪಿಗೆ ಪತ್ರದಲ್ಲೇ ಇದು ವಿಫಲವಾಗಬಹುದು, ಮುಟ್ಟು ತಪ್ಪಿದರೆ ಎರಡು ವಾರದೊಳಗೆ ಆಸ್ಪತ್ರೆಗೆ ಬರಬೇಕು, ಗರ್ಭಪಾತ ಉಚಿತ ಎಂಬ ಮಾತುಗಳಿವೆ. ಹೆರಿಗೆ ನೋವಿನ ನಡುವೆ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದದಲ್ಲಿ ಅವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದನ್ನು ಆರನೆಯ ತಿಂಗಳ ತಪಾಸಣೆಗೆ ಬಂದಾಗಲೇ, ಗಂಡನನ್ನೂ ಕೂರಿಸಿಕೊಂಡು ಹೇಳಬೇಕು; ನಷ್ಟಭರ್ತಿ ಯೋಜನೆಯ ಅರ್ಜಿ ಎಲ್ಲಿ ಸಿಗುತ್ತದೆ ಎಂಬುದನ್ನೂ ಸೇರಿಸಬೇಕು. ವ್ಯಾಸೆಕ್ಟಮಿ ಆದವನು ಮೂರು ತಿಂಗಳ ಪರೀಕ್ಷೆಗೆ ಬಾರದಿದ್ದರೆ ಅವನ ಮನೆಗೆ ಒಬ್ಬರು ಹೋಗಿ ಕರೆತರಬೇಕು, ಮುಟ್ಟು ತಪ್ಪಿದವಳ ಮನೆಗೆ ಆಶಾ ಕಾರ್ಯಕರ್ತೆ ಹೋಗುವ ಹಾಗೆಯೇ. ಈ ಕೆಲಸಕ್ಕೆ ಆರೋಗ್ಯ ಇಲಾಖೆಯ ಪುರುಷ ಕಾರ್ಯಕರ್ತರು ಹಿಂದಿನಿಂದಲೂ ಇದ್ದಾರೆ. ಪ್ರತಿ ನವೆಂಬರಿನ ವ್ಯಾಸೆಕ್ಟಮಿ ಪಾಕ್ಷಿಕ ಮುಗಿದ ಮೇಲೆ ಅವರಿಗೆ ಈ ವಿಷಯದಲ್ಲಿ ಬೇರೆ ಕೆಲಸವನ್ನೇ ಕೊಡುವುದಿಲ್ಲ.